ಹಿಂದಿರೋ ಟ್ರೇಲರ್‌ಗೆ ಬ್ರೇಕ್ ಹಾಕೋರು ಯಾರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಪಿಕಪ್ ಹಿಂದೆ ಟ್ರೇಲರ್ ಕಟ್ಕೊಂಡು ಅಮೆರಿಕ ಸುತ್ತೋ ಕನ್ನಡದವರ ಬಗ್ಗೆ ಬರೆದಿದ್ವಿ. ಅದ್ರಲ್ಲಿ ಒಂದೇ ಒಂದು ಸಾಲು, ಹೊರಡೋ ಮುಂಚೆ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್ ಹಾಕಿಸ್ಕೊಳ್ಳಿ ಅಂತ ಇತ್ತು, ಬಂದ ಪತ್ರಗಳೆಲ್ಲಾ ಹೆಚ್ಚೂಕಮ್ಮಿ ಆ ಸಾಲನ್ನೇ ಹಿಡ್ಕೊಂಡಿವೆ. ಸರಿ, ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದೀವಿ.

ಪ್ರಶ್ನೆ: ಸರ್, ನಾವಿರೋದು ಟೆಕ್ಸಸ್‌ನ ಆಸ್ಟಿನ್ ಹತ್ರ. ನಂದು 2010ರ ಟೊಯೋಟಾ ಟುಂಡ್ರಾ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಟೋ ಪ್ಯಾಕೇಜ್ (ಟ್ರೇಲರ್ ಎಳೆಯೋಕೆ ಕಂಪನಿಯವರೇ ಹಾಕಿ ಕೊಡೋ ಸಾಮಾನು) ಇದೆ, ಹಿಂದೆ ಬಂಪರ್ ಕೆಳಗೆ ಟ್ರೇಲರಿನ ವೈರ್ ಸಿಕ್ಕಿಸೋ 7 ಪಿನ್ ಸಾಕೆಟ್ಟೂ ಇದೆ. ಸಾಮಾನು ತುಂಬಿದ್ರೆ 6,000 ಪೌಂಡ್ ಆಗೋ ಟ್ರಾವೆಲ್ ಟ್ರೇಲರ್, ಅಂದ್ರೆ ಒಳಗೇ ಉಳ್ಕೊಳ್ಳೋ ಥರದ್ದು, ಒಂದು ನೋಡಿದೀವಿ. ಮಾರೋರು "ಸಾಕೆಟ್ ಇದೆಯಲ್ಲ, ಸಿಕ್ಕಿಸ್ಕೊಂಡು ಹೊರಡಿ" ಅಂತಾರೆ, ಸ್ನೇಹಿತರು ಕಂಟ್ರೋಲರ್ ಇಲ್ದೆ ಹೊರಡಲೇಬೇಡ ಅಂತಾರೆ. ಯಾರ ಮಾತು ಕೇಳ್ಲಿ? ಬೇಕು ಅಂದ್ರೆ ನಾನೇ ಹಾಕ್ಕೋಬಹುದಾ, ಯಾವ್ದು ತಗೊಳ್ಲಿ?

ಉತ್ತರ: ಸ್ನೇಹಿತರ ಮಾತು ಕೇಳಿ. 7 ಪಿನ್ ಸಾಕೆಟ್ ಇದೆ ಅಂದ್ರೆ ಬ್ರೇಕಿನ ವೈರ್‌ನ ಹಿಂದಿನ ತನಕ ಎಳೆದಿಟ್ಟಿದಾರೆ ಅಂತ ಮಾತ್ರ ಅರ್ಥ, ಆ ವೈರ್‌ಗೆ ಯಾವಾಗ ಎಷ್ಟು ಕರೆಂಟ್ ಬಿಡ್ಬೇಕು ಅಂತ ತೀರ್ಮಾನ ಮಾಡೋ ಡಬ್ಬಿ ಬೇರೆ, ಅದೇ ಕಂಟ್ರೋಲರ್ರು. ಅದಿಲ್ದೆ ಹೊರಟ್ರೆ ಟ್ರೇಲರ್‌ನ ಲೈಟ್ ಎಲ್ಲಾ ಚೆನ್ನಾಗೇ ಉರಿಯತ್ತೆ, ಇಂಡಿಕೇಟರ್ ಮಿನುಗತ್ತೆ, ಎಲ್ಲಾ ಸರಿ ಇದೆ ಅನ್ಸತ್ತೆ, ಆದ್ರೆ ಬ್ರೇಕ್ ತುಳಿದಾಗ ಆ 6,000 ಪೌಂಡ್, ಅಂದ್ರೆ 2,700 ಕೆಜಿಗಿಂತ ಜಾಸ್ತಿ ತೂಕ ನಿಮ್ಮ ಪಿಕಪ್ ಟ್ರಕ್ಕಿನ ಬೆನ್ನಿಗೆ ಬಂದು ಗುದ್ದತ್ತೆ. ಟೆಕ್ಸಸ್ ಕಾನೂನಲ್ಲೂ ಒಟ್ಟು ತೂಕ 4,500 ಪೌಂಡ್ ದಾಟಿದ ಟ್ರೇಲರ್‌ಗೆ ಬ್ರೇಕ್ ಕೆಲಸ ಮಾಡ್ತಿರ್ಲೇಬೇಕು. ಬೇರೆ ರಾಜ್ಯಗಳಿಗೆ ಹೋದ್ರೆ ಮಿತಿ ಇನ್ನೂ ಕಮ್ಮಿ, ಬಹಳ ಕಡೆ 3,000 ಪೌಂಡು, ಕ್ಯಾಲಿಫೋರ್ನಿಯಾದಲ್ಲಂತೂ ಇಂಥ ಟ್ರಾವೆಲ್ ಟ್ರೇಲರ್‌ಗೆ 1,500.

ಈಗ ಯಾವ್ದು ತಗೊಳ್ಳೋದು ಅಂತ. ಅಂಗಡೀಲಿ ಎರಡು ಜಾತಿ ಸಿಗತ್ತೆ. ಒಂದು ಟೈಮ್ ಡಿಲೇ, ನೀವು ಪೆಡಲ್ ಮುಟ್ಟಿದ ತಕ್ಷಣ ಬ್ರೇಕ್ ಲೈಟಿನ ಸಿಗ್ನಲ್ ನೋಡ್ಕೊಂಡು, ಮೊದಲೇ ಸೆಟ್ ಮಾಡಿಟ್ಟಷ್ಟು ಕರೆಂಟನ್ನ ನಿಧಾನಕ್ಕೆ ಏರಿಸ್ತಾ ಹೋಗತ್ತೆ, ನೀವು ಸಿಗ್ನಲ್ ಹತ್ರ ಮೆಲ್ಲಗೆ ತುಳಿದ್ರಾ ಇಲ್ಲಾ ಮುಂದೆ ಜಿಂಕೆ ಹಾರ್ತು ಅಂತ ಜೋರಾಗಿ ತುಳಿದ್ರಾ ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ. ಇನ್ನೊಂದು ಪ್ರಪೋರ್ಷನಲ್. ಅದ್ರೊಳಗಿರೋ ಸೆನ್ಸರ್ರು ಗಾಡಿ ಎಷ್ಟು ಜೋರಾಗಿ ನಿಧಾನ ಆಗ್ತಿದೆ ಅಂತ ಅಳೆದು ಟ್ರೇಲರ್‌ಗೂ ಅಷ್ಟೇ ಬ್ರೇಕ್ ಕೊಡತ್ತೆ. ಟೈಮ್ ಡಿಲೇಲಿ ಉಳಿಯೋ ದುಡ್ಡು ಎರಡು ಸಲ ಟ್ಯಾಂಕ್ ತುಂಬಿಸೋಷ್ಟೂ ಇರಲ್ಲ, ಹಂಗಾಗಿ ಟ್ರಾವೆಲ್ ಟ್ರೇಲರ್ ಎಳೆಯೋರಿಗೆ ನಾನು ಪ್ರಪೋರ್ಷನಲ್ ಬಿಟ್ಟು ಬೇರೆ ಹೇಳೋದೇ ಇಲ್ಲ. ಟೆಕಾನ್ಶಾ ಪ್ರಾಡಿಜಿ ಪಿ3, ಕರ್ಟ್‌ನವರ ಟ್ರೈಫ್ಲೆಕ್ಸ್, ಇಂಥವು ಜನ ತುಂಬಾ ಉಪಯೋಗಿಸ್ತಾರೆ, ಯಾವ್ದಾದ್ರೂ ಪರವಾಗಿಲ್ಲ.

ನೀವೇ ಹಾಕ್ಕೋಬಹುದಾ ಅಂದ್ರೆ, ನಿಮ್ಮ ಗಾಡೀಲಿ ಧಾರಾಳವಾಗಿ. ಟೋ ಪ್ಯಾಕೇಜ್ ಇರೋ ಆ ಕಾಲದ ಟುಂಡ್ರಾಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ, ಬ್ರೇಕ್ ಪೆಡಲ್ಲಿನ ಮೇಲ್ಗಡೆ ಸುತ್ತಮುತ್ತ, ಯಾವ್ದಕ್ಕೂ ಸಿಕ್ಕಿಸದೆ ಸುಮ್ನೆ ಬಿಟ್ಟಿರೋ ಕನೆಕ್ಟರ್ ಒಂದಿರತ್ತೆ, ಟಾರ್ಚ್ ಹಿಡ್ಕೊಂಡು ಬೆನ್ನಡಿ ಮಲಗಿ ಹುಡುಕ್ಬೇಕು, ಸೊಂಟಕ್ಕೆ ಕಷ್ಟ ಬಿಟ್ರೆ ಬೇರೇನಿಲ್ಲ. ಅದಕ್ಕೆ ಹೊಂದೋ ಅಡಾಪ್ಟರ್ ವೈರು ನಿಮ್ಮ ಗಾಡಿ ಹೆಸರು, ವರ್ಷ ಹೇಳಿದ್ರೆ ಬಿಡಿ ಭಾಗದ ಅಂಗಡೀಲೇ ಕೊಡ್ತಾರೆ, ಒಂದ್ ತುದಿ ಗಾಡಿಗೆ ಇನ್ನೊಂದ್ ತುದಿ ಕಂಟ್ರೋಲರ್‌ಗೆ, ವೈರ್ ಕತ್ತರಿಸೋ ಕೆಲಸಾನೇ ಇಲ್ಲ. ಸಿಕ್ಕಿಸಿದ್ಮೇಲೂ ಸತ್ತಂಗಿದ್ರೆ ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸ್ ನೋಡಿ, ಹಳೇ ಓನರ್ ಯಾವತ್ತೂ ಟ್ರೇಲರ್ ಎಳೆದೇ ಇಲ್ಲ ಅಂದ್ರೆ ಅಲ್ಲಿ ಟೋ ಬ್ರೇಕಿನ ಫ್ಯೂಸೇ ಇಲ್ದೆ ಜಾಗ ಖಾಲಿ ಇರಬಹುದು.

ಎಲ್ಲಿ ಕೂರಿಸ್ಬೇಕು ಅನ್ನೋದಕ್ಕೆ ಸ್ವಲ್ಪ ತಲೆ ಓಡಿಸಿ. ಕಂಟ್ರೋಲರ್ ಮೇಲೆ ಟ್ರೇಲರ್ ಬ್ರೇಕನ್ನ ಮಾತ್ರ ಕೈಯಿಂದ ಹಿಡಿಯೋ ಲಿವರ್ ಒಂದಿರತ್ತೆ, ಅದು ನೋಡದೇನೇ ಬಲಗೈಗೆ ಸಿಗಬೇಕು, ಮಂಡಿಗೆ ತಾಗಬಾರದು, ಡಬ್ಬಿ ಗಾಡಿ ಓಡೋ ದಿಕ್ಕಿಗೆ ನೇರವಾಗಿರಬೇಕು, ಎಡಕ್ಕೋ ಬಲಕ್ಕೋ ಓರೆ ಇದ್ರೆ ಒಳಗಿನ ಸೆನ್ಸರ್ ಲೆಕ್ಕ ತಪ್ಪತ್ತೆ. ಮೇಲೆ ಕೆಳಗೆ ಎಷ್ಟು ಬಾಗಿಸಬಹುದು ಅಂತ ಅದರ ಮ್ಯಾನ್ಯುಯಲ್‌ನಲ್ಲಿರತ್ತೆ. ಮಂಡಿ ಹತ್ರ ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ಆ ಪ್ಯಾನೆಲ್‌ಗೆ ಮಾತ್ರ ಡ್ರಿಲ್ ಹಾಕ್ಬೇಡಿ. ಬೇರೆ ಕಡೆ ಸ್ಕ್ರೂ ಹೊಡೆಯೋ ಮುಂಚೆಯೂ ಪ್ಲಾಸ್ಟಿಕ್ ಹಿಂದೆ ಏನಿದೆ ಅಂತ ಕೈ ಹಾಕಿ ನೋಡಿ.

ಪ್ರಶ್ನೆ: ನಾನು ಶಿವಮೊಗ್ಗದವನು, ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವನು. ಮಗ ಕೆನಡಾದ ಕ್ಯಾಲ್ಗರೀಲಿದಾನೆ. ಟ್ರೇಲರ್ ತಗೊಂಡಿದೀನಿ, ಅದರ ಬ್ರೇಕಿಗೆ ಕರೆಂಟ್ ಕೊಡೋ ಮಿಷಿನ್ ಹಾಕ್ಸಿದೀನಿ ಅಂತ ಫೋಟೋ ಕಳ್ಸಿದ್ದ. ನಮ್ಮ ಕಾಲದಲ್ಲಿ ಎಲ್ಲಾ ಏರ್ ಬ್ರೇಕೇ. ಕರೆಂಟಲ್ಲಿ ಬ್ರೇಕ್ ಹೆಂಗೆ ಹಿಡಿಯತ್ತೆ? ವೈರ್ ಕಿತ್ತೋದ್ರೆ ಗತಿ ಏನು?

ಉತ್ತರ: ಯಜಮಾನ್ರೇ, ಮೊದಲ ಪ್ರಶ್ನೇಲೇ ಬುಡಕ್ಕೆ ಕೈ ಹಾಕಿದೀರಿ. ಚಕ್ರದ ಜೊತೆ ತಿರುಗೋ ಡ್ರಮ್ಮು, ಅದನ್ನ ಒಳಗಿಂದ ಒತ್ತಿ ಹಿಡಿಯೋ ಶೂ, ಶೂ ಮೇಲಿನ ಲೈನರ್ ಎಲ್ಲಾ ನಿಮಗೆ ಗೊತ್ತಿರೋದೇ. ಏರ್ ಬ್ರೇಕಲ್ಲಿ ಎಸ್ ಕ್ಯಾಮ್ ತಿರುಗಿ ಶೂನ ಅಗಲಿಸತ್ತಲ್ಲ, ಇಲ್ಲಿ ಆ ಜಾಗದಲ್ಲಿ ಒಂದು ಲಿವರ್ ಇರತ್ತೆ, ಲಿವರಿನ ಇನ್ನೊಂದು ತುದೀಲಿ ಸೋಪಿನ ಬಿಲ್ಲೆಯಷ್ಟಿರೋ ಎಲೆಕ್ಟ್ರೋಮ್ಯಾಗ್ನೆಟ್ಟು. 12 ವೋಲ್ಟ್ ಕೊಟ್ಟ ತಕ್ಷಣ ಆ ಮ್ಯಾಗ್ನೆಟ್ಟು ತಿರುಗ್ತಿರೋ ಡ್ರಮ್ಮಿನ ಒಳಮುಖಕ್ಕೆ ಅಂಟ್ಕೊಳ್ಳತ್ತೆ, ಡ್ರಮ್ಮು ಅದನ್ನ ತನ್ನ ಜೊತೆ ಎಳ್ಕೊಂಡು ಹೋಗೋಕೆ ನೋಡತ್ತೆ, ಆ ಎಳೆತಕ್ಕೆ ಲಿವರ್ ತಿರುಗಿ ಶೂ ಅಗಲ ಆಗತ್ತೆ. ಅಂದ್ರೆ ಶೂನ ಒತ್ತೋ ಬಲ ಬರೋದು ಕರೆಂಟಿಂದ ಅಲ್ಲ, ತಿರುಗೋ ಚಕ್ರದಿಂದಾನೇ. ಅದಕ್ಕೇ ಒಂದು ಚಕ್ರಕ್ಕೆ ಸುಮಾರು 3 ಆಂಪಿಯರ್ ಇದ್ರೆ ಸಾಕು, ಎರಡು ಆಕ್ಸಲ್ಲಿನ ನಾಲ್ಕು ಚಕ್ರಕ್ಕೆ ಪೂರ್ತಿ ಬ್ರೇಕ್ ಅಂದ್ರೂ 12 ಆಂಪಿಯರ್ ಆಸುಪಾಸು. ಕಂಟ್ರೋಲರ್ ಈ ಕರೆಂಟನ್ನ ಸಣ್ಣ ಸಣ್ಣ ತುಂಡು ಮಾಡಿ ಕಳಿಸತ್ತೆ, ಬ್ರೇಕ್ ಜಾಸ್ತಿ ಬೇಕು ಅಂದ್ರೆ ತುಂಡು ಉದ್ದ, ಕಮ್ಮಿ ಸಾಕು ಅಂದ್ರೆ ಗಿಡ್ಡ.

ಏರ್ ಯಾಕಿಲ್ಲ ಅಂದ್ರೆ ಪಿಕಪ್ಪಲ್ಲಿ ಕಂಪ್ರೆಸರ್ರೂ ಇಲ್ಲ ಟ್ಯಾಂಕೂ ಇಲ್ಲ. ಗಾಡಿ ಬ್ರೇಕಿನ ಆಯಿಲ್ ಲೈನನ್ನೇ ಟ್ರೇಲರ್‌ಗೆ ಎಳೆದ್ರೆ ಪ್ರತಿ ಸಲ ಕಟ್ಟಿ ಬಿಚ್ಚುವಾಗ ಏರ್ ಹೊಕ್ಕು ಅದನ್ನ ಹೊರಗೆ ತೆಗೀತಾ, ಅಂದ್ರೆ ಬ್ಲೀಡ್ ಮಾಡ್ತಾ ಕೂರಬೇಕಾಗತ್ತೆ. ವೈರ್ ಆದ್ರೆ ಪ್ಲಗ್ ಸಿಕ್ಕಿಸಿದ್ರಾಯ್ತು.

ನಿಮ್ಮ ಎರಡನೇ ಪ್ರಶ್ನೆ ಇದಕ್ಕಿಂತ ಮುಖ್ಯ. ಬಸ್ಸಿನ ಹಿಂದಿನ ಚಕ್ರದಲ್ಲಿ ಏರ್ ಹೋದ್ರೆ ಸ್ಪ್ರಿಂಗು ತಾನೇ ಬ್ರೇಕ್ ಹಿಡಿದು ನಿಲ್ಲಿಸತ್ತೆ, ಇಲ್ಲಿ ಅದು ಉಲ್ಟಾ, ಕರೆಂಟ್ ಹೋದ್ರೆ ಬ್ರೇಕೂ ಹೋಯ್ತು. ಅದಕ್ಕೇ ಟ್ರೇಲರ್ ಮೂತೀಲಿ ಬ್ರೇಕ್‌ಅವೇ ಸ್ವಿಚ್ ಅಂತ ಒಂದು, ಅದಕ್ಕೊಂದು ಬೇರೆ 12 ವೋಲ್ಟಿನ ಬ್ಯಾಟರಿ ಇಟ್ಟಿರ್ತಾರೆ. ಸ್ವಿಚ್ಚಿನ ಪಿನ್ನಿಂದ ಒಂದು ತೆಳು ಕೇಬಲ್ ಟ್ರಕ್ಕಿಗೆ ಸಿಕ್ಕಿಸಿರ್ಬೇಕು. ಹಿಚ್, ಅಂದ್ರೆ ಟ್ರಕ್ಕಿಗೆ ಟ್ರೇಲರ್ ಸಿಕ್ಕಿಸೋ ಕೊಂಡಿ, ಬಿಟ್ಟು ಟ್ರೇಲರ್ ಕಳಚ್ಕೊಂಡ್ರೆ ಕೇಬಲ್ ಪಿನ್ನನ್ನ ಕೀಳತ್ತೆ, ಆ ಬ್ಯಾಟರಿ ಕರೆಂಟ್ ನೇರ ಮ್ಯಾಗ್ನೆಟ್ಟಿಗೆ ಹೋಗಿ ಎಲ್ಲಾ ಚಕ್ರ ಹಿಡಿಯತ್ತೆ. ಅಮೆರಿಕದಲ್ಲಿ ವಾಣಿಜ್ಯ ಗಾಡಿಗಳ ನಿಯಮದಲ್ಲಿ ಆ ಬ್ರೇಕು ಕನಿಷ್ಠ 15 ನಿಮಿಷ ಹಿಡಿದಿರಬೇಕು ಅಂತಿದೆ. ಮಗನಿಗೆ ಒಂದು ಮಾತು ಹೇಳಿ, ಆ ಕೇಬಲ್‌ನ ಸೇಫ್ಟಿ ಚೈನಿಗೆ ಸಿಕ್ಕಿಸ್ಬೇಡ, ಟ್ರಕ್ಕಿನ ಚಾಸಿಗೇ ಬೇರೆಯಾಗಿ ಸಿಕ್ಕಿಸು ಅಂತ. ಇನ್ನೊಂದು, ಚಕ್ರ ತಿರುಗಿದ್ರೆ ಮಾತ್ರ ಹಿಡಿಯೋ ಬ್ರೇಕ್ ಇದು, ಹಾಗಾಗಿ ನಿಲ್ಸಿದಾಗ ಪಾರ್ಕಿಂಗ್ ಬ್ರೇಕ್ ಥರ ನಂಬೋಹಾಗಿಲ್ಲ, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡ್ಲೇಬೇಕು. ಕ್ಯಾಲ್ಗರಿಯಿಂದ ರಾಕೀಸ್ ಬೆಟ್ಟದ ಕಡೆ ಹೋಗೋರಿಗಂತೂ ಇದು ದಿನಾ ಬೇಕಾಗೋ ಮಾತು.

ನಮ್ಮ ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್ರು ಹಿಂದೆ ಎರಡೆರಡು ಟ್ರೇಲರ್ ಕಟ್ಕೊಂಡು ಇಳಿಜಾರಲ್ಲಿ ಬರೋದು ನೋಡಿದೋರಿಗೆ ಟ್ರೇಲರ್‌ಗೆ ಬ್ರೇಕ್ ಯಾಕೆ ಬೇಕು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಪ್ರಶ್ನೆ: ಒಹಾಯೋದಲ್ಲಿದೀನಿ, 1997ರ ಫೋರ್ಡ್ ರೇಂಜರ್, ಅಪ್ಪಟ ಹಳೇ ಗಾಡಿ, ಹಿಂದೆ 4 ಪಿನ್ನಿನ ಚಪ್ಪಟೆ ಪ್ಲಗ್ ಮಾತ್ರ ಇದೆ. ಒಂದೇ ಆಕ್ಸಲ್ಲಿನ ಕಾರ್ಗೋ ಟ್ರೇಲರ್ ಎಳೀಬೇಕು, ಅದ್ರಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇದೆ. ಡ್ಯಾಶ್ ಕೆಳಗೆ ಯಾವ ಕನೆಕ್ಟರ್ರೂ ಸಿಗಲಿಲ್ಲ. ಕಂಟ್ರೋಲರ್ ಹಿಂದೆ ನಾಲ್ಕು ವೈರ್ ನೇತಾಡ್ತಿದೆ, ಎಲ್ಲಿಗೆ ಯಾವ್ದು ಸೇರಿಸ್ಲಿ? ವಿವರವಾಗಿ ಹೇಳಿ.

ಉತ್ತರ: ವಿವರವಾಗೇ ಹೇಳ್ತೀನಿ, ಯಾಕಂದ್ರೆ ಕೆಡೋದೆಲ್ಲಾ ಇಲ್ಲೇ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕಿಡಿ. ನಾಲ್ಕು ವೈರ್ ಅಂದ್ರೆ ಬಿಳಿ, ಕಪ್ಪು, ಕೆಂಪು, ನೀಲಿ. ಬಿಳಿ ಅರ್ಥು (ಅರ್ಥಿಂಗ್, ಅಂದ್ರೆ ನೆಗೆಟಿವ್), ಕಪ್ಪು ಬ್ಯಾಟರಿ ಪಾಸಿಟಿವ್, ಕೆಂಪು ಬ್ರೇಕ್ ಲೈಟಿನ ಸ್ವಿಚ್ಚಿಗೆ, ನೀಲಿ ಹಿಂದೆ ಟ್ರೇಲರಿನ ಮ್ಯಾಗ್ನೆಟ್ಟಿಗೆ. ಮನೇಲಿ ವೈರಿಂಗ್ ಮಾಡಿ ಅಭ್ಯಾಸ ಇರೋರು ಕಪ್ಪು ಅಂದ್ರೆ ನೆಗೆಟಿವ್ ಅನ್ಕೊಂಡು ಬಿಳೀನ ಪಾಸಿಟಿವ್‌ಗೆ ಕೊಟ್ಟುಬಿಡ್ತಾರೆ, ಹಾಗಾದ್ರೆ ಕಂಟ್ರೋಲರ್ ಸುಟ್ಟೇ ಹೋಗತ್ತೆ, ಎರಡು ಸಲ ನೋಡ್ಕೊಳ್ಳಿ.

ಬಿಳೀನ ಡ್ಯಾಶ್ ಕೆಳಗಿನ ಯಾವ್ದೋ ಒಂದು ಬೋಲ್ಟಿಗೆ ಸುತ್ತಿ ಕೈ ತೊಳ್ಕೋಬೇಡಿ, ನೇರ ಬ್ಯಾಟರಿ ನೆಗೆಟಿವ್‌ಗೇ ಎಳೀರಿ. ಕಪ್ಪನ್ನೂ ಅಷ್ಟೇ, ಫ್ಯೂಸ್ ಬಾಕ್ಸಿನ ಖಾಲಿ ಜಾಗದಿಂದ ಕದಿಯೋದು ಬೇಡ, ನೇರ ಬ್ಯಾಟರಿಯಿಂದ ತನ್ನಿ. ಎರಡಕ್ಕೂ ಸೇರಿ ಡ್ಯೂಪ್ಲೆಕ್ಸ್ ಕೇಬಲ್ ಅಂತ ಒಂದೇ ಕವಚದಲ್ಲಿ ಎರಡು ವೈರ್ ಇರೋದು ಸಿಗತ್ತೆ, 12 ಗೇಜ್ ನಿಮ್ಮ ಒಂದು ಆಕ್ಸಲ್‌ಗೆ ನಡೆಯತ್ತೆ, 10 ಗೇಜ್ ಆದ್ರೆ ನಾಳೆ ದೊಡ್ಡ ಟ್ರೇಲರ್ ತಗೊಂಡ್ರೂ ಮತ್ತೆ ಎಳೆಯೋ ಗೋಜಿಲ್ಲ. ವೈರ್ ಗೇಜಲ್ಲಿ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ, ಇದು ಗೊತ್ತಿಲ್ದೆ 16 ದೊಡ್ಡದು ಅಂತ ತಗೊಂಡು ಬರೋರಿದಾರೆ.

ಕಪ್ಪು ವೈರಿನ ದಾರೀಲಿ ಬ್ಯಾಟರಿ ಹತ್ರಾನೇ ಸರ್ಕ್ಯೂಟ್ ಬ್ರೇಕರ್ ಒಂದು ಹಾಕಿ, ಎರಡು ಅಥವಾ ನಾಲ್ಕು ಬ್ರೇಕ್ ಇರೋ ಟ್ರೇಲರ್‌ಗೆ 20 ಆಂಪಿಯರ್, ಆರು ಎಂಟು ಆದ್ರೆ 30. ತಾನೇ ರೀಸೆಟ್ ಆಗೋ ಜಾತಿದು ತಗೊಳ್ಳಿ, ಒಂದು ಕ್ಷಣ ಶಾರ್ಟ್ ಆಯ್ತು ಅಂತ ಫ್ಯೂಸ್ ಹಾರಿ ಇಳಿಜಾರಲ್ಲಿ ಟ್ರೇಲರ್ ಬ್ರೇಕೇ ಇಲ್ದಂಗೆ ಆಗಬಾರದು. ಆ ಬ್ರೇಕರ್‌ಗೆ ಎರಡು ಬೋಲ್ಟ್ ಇರತ್ತೆ, ತಾಮ್ರದ ಬಣ್ಣದ್ದು ಬ್ಯಾಟರಿ ಕಡೆ, ಬೆಳ್ಳಿ ಬಣ್ಣದ್ದು ಕಂಟ್ರೋಲರ್ ಕಡೆ.

ಕೇಬಲ್ ಒಳಗೆ ತರೋಕೆ ಇಂಜಿನ್ ಮತ್ತೆ ಕ್ಯಾಬಿನ್ ಮಧ್ಯದ ತಗಡಲ್ಲಿ ಆಗ್ಲೇ ಇರೋ ರಬ್ಬರ್ ಬುಷ್ ಯಾವ್ದಾದ್ರೂ ಹುಡುಕಿ ಅದರಲ್ಲೇ ತೂರಿಸಿ. ಹೊಸ ತೂತು ಕೊರೀಲೇಬೇಕು ಅಂದ್ರೆ ಆಚೆ ಬದಿ ಬ್ರೇಕ್ ಪೈಪು, ಎಸಿ ಪೈಪು ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಕೊರೆದು ಅದಕ್ಕೂ ರಬ್ಬರ್ ಬುಷ್ ಹಾಕಿ, ಬರೀ ತಗಡಿನ ಅಂಚಿಗೆ ವೈರ್ ಉಜ್ಜಿದ್ರೆ ವರ್ಷ ಆಗೋದ್ರೊಳಗೆ ಶಾರ್ಟ್.

ಇನ್ನು ಕೆಂಪು. ಬ್ರೇಕ್ ಪೆಡಲ್ಲಿನ ತೋಳಿನ ಮೇಲ್ಗಡೆ ಸಣ್ಣ ಸ್ವಿಚ್ ಒಂದಿರತ್ತೆ, ಅದಕ್ಕೆ ಬರೋ ವೈರ್‌ಗಳಲ್ಲಿ ಒಂದರಲ್ಲಿ ಯಾವಾಗ್ಲೂ 12 ವೋಲ್ಟ್ ಇರತ್ತೆ, ಇನ್ನೊಂದರಲ್ಲಿ ಪೆಡಲ್ ತುಳಿದಾಗ ಮಾತ್ರ ಬರತ್ತೆ. ಕೆಂಪು ಸೇರಬೇಕಾದ್ದು ಈ ಎರಡನೇದಕ್ಕೆ. ಬಣ್ಣ ನೋಡಿ ಊಹೆ ಮಾಡ್ಬೇಡಿ, ಬ್ಯಾಟರಿ ಮತ್ತೆ ಸಿಕ್ಕಿಸಿ ಟೆಸ್ಟ್ ಲ್ಯಾಂಪ್ ಹಿಡ್ಕೊಂಡು ನೋಡಿ, ಪೆಡಲ್ ತುಳಿದಾಗ ಹತ್ತಬೇಕು, ಬಿಟ್ಟಾಗ ಆರಬೇಕು, ಇಂಡಿಕೇಟರ್ ಹಾಕಿದ್ರೆ ಹತ್ತಬಾರದು. ನಿಮ್ಮದು ಹಳೇ ಗಾಡಿ, ಸ್ವಿಚ್ ಸೀದಾಸಾದಾ, ಹಂಗಾಗಿ ಸುಲಭ. ಹೊಸ ಗಾಡಿಗಳಲ್ಲಿ ಈ ಸ್ವಿಚ್ ಕಂಪ್ಯೂಟರ್ ಜೊತೆ ಮಾತಾಡ್ತಿರತ್ತೆ, ಅಲ್ಲಿ ಸಿಕ್ಕ ವೈರ್‌ಗೆ ಕೈ ಹಾಕಿದ್ರೆ ಡ್ಯಾಶ್ ತುಂಬ ವಾರ್ನಿಂಗ್ ಲೈಟ್ ಹತ್ಕೊಂಡು ಕೂತ್ಕೊಳ್ಳತ್ತೆ, ಆ ಗಾಡಿಗಳಿಗೆ ಅವುಗಳದ್ದೇ ಅಡಾಪ್ಟರ್ ಬೇಕು.

ನೀಲೀನ ಚಾಸಿ ಉದ್ದಕ್ಕೂ ಹಿಂದಿನ ಬಂಪರ್ ತನಕ ತಗೊಂಡು ಹೋಗಿ, ಸೈಲೆನ್ಸರ್ ಪೈಪಿಂದ ದೂರ, ಪ್ರೊಪೆಲ್ಲರ್ ಶಾಫ್ಟಿಗೆ ತಾಗದಂಗೆ ಅಲ್ಲಲ್ಲಿ ಟೈ ಹಾಕ್ತಾ. ಹಿಂದೆ 4 ಪಿನ್ ತೆಗೆದು 7 ಪಿನ್ ಸಾಕೆಟ್ ಹಾಕ್ಬೇಕು, 4 ಪಿನ್ನಲ್ಲಿ ಬ್ರೇಕಿಗೆ ಜಾಗಾನೇ ಇಲ್ಲ. ಆ 7ರಲ್ಲಿ ಬಿಳಿ ಅರ್ಥು, ಕಂದು ಹಿಂದಿನ ಲೈಟು, ಹಳದಿ ಎಡ ಇಂಡಿಕೇಟರ್, ಹಸಿರು ಬಲ, ನೀಲಿ ಬ್ರೇಕು, ಕಪ್ಪು ಟ್ರೇಲರ್ ಬ್ಯಾಟರಿ ಚಾರ್ಜ್ ಮಾಡೋಕೆ, ನಡುವಿನ ದುಂಡು ಪಿನ್ ರಿವರ್ಸ್ ಲೈಟಿಗೆ.

ಜಾಯಿಂಟ್ ಬಗ್ಗೆ ನಾನು ಸ್ವಲ್ಪ ಮಡಿ. ವೈರ್ ಕತ್ತರಿಸದೆ ಮೇಲಿಂದ ಕಚ್ಚಿಸೋ ಪ್ಲಾಸ್ಟಿಕ್ ಕ್ಲಿಪ್ ಕಿಟ್ಟಲ್ಲೇ ಕೊಟ್ಟಿರ್ತಾರೆ, ಅದನ್ನ ಬ್ರೇಕಿನ ವೈರ್‌ಗೆ ಹಾಕ್ಬೇಡಿ, ಒಹಾಯೋದ ಚಳಿಗಾಲದಲ್ಲಿ ರೋಡಿಗೆ ಹಾಕೋ ಉಪ್ಪು ಅದರೊಳಗೆ ಹೊಕ್ಕು ಹಸಿರು ಕಟ್ಟತ್ತೆ. ಲೋಹದ ಕೊಳವೇಲಿ ವೈರ್ ತೂರಿಸಿ ಅದುಮಿ, ಅಂದ್ರೆ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ.

ಪ್ರಶ್ನೆ: ಜಾರ್ಜಿಯಾದಿಂದ ಬರೀತಿದೀನಿ. ನಮ್ಮನೆಯವ್ರು ಮತ್ತೆ ನಾನು ಸೇರಿ ಕಂಟ್ರೋಲರ್ ಹಾಕಿದ್ವಿ, ಡಿಸ್ಪ್ಲೇಲಿ ಟ್ರೇಲರ್ ಕನೆಕ್ಟ್ ಆಗಿದೆ ಅಂತಾನೇ ತೋರಿಸ್ತಿದೆ, ಆದ್ರೆ ಪವರ್‌ನ ಕೊನೇ ತನಕ ಏರಿಸಿದ್ರೂ ಟ್ರೇಲರ್ ಬ್ರೇಕ್ ಹಿಡಿದ ಹಾಗೇ ಅನ್ಸಲ್ಲ. ಟ್ರೇಲರ್ ಹಳೇದು, ಎರಡು ಆಕ್ಸಲ್. ಕಂಟ್ರೋಲರ್ರೇ ಡಿಫೆಕ್ಟಾ? ವಾಪಸ್ ಕೊಟ್ಟುಬಿಡ್ಲಾ?

ಉತ್ತರ: ಸದ್ಯಕ್ಕೆ ಕೊಡ್ಬೇಡಿ ಮೇಡಂ. ಇಂಥ ದೂರು ಬಂದಾಗ ಕಂಟ್ರೋಲರ್ ಮೇಲೆ ನನಗೆ ಅನುಮಾನ ಬರೋದು ಕಟ್ಟ ಕಡೆಗೆ. ಅದು ಆಜ್ಞೆ ಮಾತ್ರ ಮಾಡೋದು, ಕೆಲಸ ಮಾಡಬೇಕಾದೋರು ಟ್ರೇಲರ್ ಕೆಳಗಿದಾರೆ.

ಮೊದಲು ಶೂ ಅಡ್ಜಸ್ಟ್‌ಮೆಂಟು. ಬಹಳಷ್ಟು ಹಳೇ ಟ್ರೇಲರ್‌ಗಳಲ್ಲಿ ಡ್ರಮ್ಮಿಗೂ ಶೂಗೂ ಮಧ್ಯದ ಅಂತರ ತಾನೇ ಸರಿಹೋಗಲ್ಲ, ಕೈಯಲ್ಲೇ ಬಿಗಿ ಮಾಡ್ಬೇಕು, ಹೊಸದ್ರಲ್ಲಿ 200 ಮೈಲಿ ಓಡಿದ್ಮೇಲೆ ಒಂದ್ಸಲ, ಆಮೇಲೆ 3,000 ಮೈಲಿಗೊಂದ್ಸಲ ಅಂತ ಆಕ್ಸಲ್ ಮಾಡೋರೇ ಹೇಳ್ತಾರೆ, ಮಾಡೋರು ಮಾತ್ರ ಯಾರೂ ಇಲ್ಲ. ಚಕ್ರ ನೆಲ ಬಿಡೋಷ್ಟು ಜಾಕ್ ಕೊಟ್ಟು, ಹಿಂದಿನ ತಗಡಿನ ಕೆಳಭಾಗದ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ ಹಲ್ಲಿನ ಚಕ್ರವನ್ನ ತಿರುಗಿಸ್ತಾ ಹೋಗಿ, ಕೈಯಲ್ಲಿ ತಿರುಗಿಸೋಕೆ ಗಟ್ಟಿ ಅನ್ನೋಷ್ಟು ಬಿಗಿ ಮಾಡಿ, ಆಮೇಲೆ ಶೂ ಲೈಟಾಗಿ ಸವರ್ಕೊಂಡು ಆರಾಮಾಗಿ ತಿರುಗೋ ಹಂತಕ್ಕೆ ಸಡಿಲ ಬಿಡಿ. ನಾಲ್ಕೂ ಚಕ್ರಕ್ಕೆ ಹಿಂಗೇ. ಹೆಚ್ಚಿನವರ ಸಮಸ್ಯೆ ಇಲ್ಲಿಗೇ ಮುಗಿಯತ್ತೆ.

ಮುಗೀಲಿಲ್ಲ ಅಂದ್ರೆ ನೀಲಿ ವೈರ್ ಬಿಚ್ಚಿ ಮಧ್ಯೆ, ಅಂದ್ರೆ ಸೀರೀಸಲ್ಲಿ, ಕರೆಂಟ್ ಅಳೆಯೋ ಆಮೀಟರ್ ಇಟ್ಟು ಮ್ಯಾನ್ಯುಯಲ್ ಲಿವರ್ ಪೂರ್ತಿ ತಳ್ಳಿ ನೋಡಿ, ಮೀಟರ್ರು ಅಷ್ಟು ಆಂಪಿಯರ್ ತಡೆಯೋದಾಗಿರಬೇಕು. ನಿಮ್ಮ ನಾಲ್ಕು ಬ್ರೇಕಿಗೆ 12ರ ಹತ್ರ ಬಂದ್ರೆ ವೈರಿಂಗ್ ಸರಿಯಿದೆ, ತೊಂದ್ರೆ ಡ್ರಮ್ಮೊಳಗೆ, ಗ್ರೀಸ್ ಸೋರಿ ಲೈನರ್ ಜಾರ್ತಿರಬಹುದು, ಮ್ಯಾಗ್ನೆಟ್ ಸವೆದಿರಬಹುದು. 6 ಬಂದ್ರೆ ಎರಡು ಚಕ್ರ ಸತ್ತಿದೆ. ತೀರಾ ಕಮ್ಮಿ ಬಂದ್ರೆ ಅರ್ಥ್ ನೋಡಿ, ಟ್ರೇಲರ್ ಕಡೆಯ ಬಿಳಿ ವೈರು ತುಕ್ಕು ಹಿಡಿದ ಸ್ಕ್ರೂಗೆ ಕಚ್ಚಿಸಿರ್ತಾರೆ. ಅರ್ಥ್ ಕೆಟ್ಟರೂ ಡಿಸ್ಪ್ಲೇ ಕನೆಕ್ಟ್ ಆಗಿದೆ ಅಂತಾನೇ ತೋರಿಸಬಹುದು, ಒಂದು ಮ್ಯಾಗ್ನೆಟ್ಟಿನ ಕೊಂಡಿ ಸಿಕ್ಕಿದ್ರೂ ಅದಕ್ಕೆ ಸಾಕು. ಇನ್ನೊಂದು ಕಳ್ಳ ಜಾಗ ಇದೆ, ಒಂದು ಚಕ್ರದಿಂದ ಇನ್ನೊಂದಕ್ಕೆ ವೈರ್‌ನ ಆಕ್ಸಲ್ ಕೊಳವೆ ಒಳಗಿಂದ ಎಳೆದಿರ್ತಾರೆ, ಅದು ಅಲ್ಲಾಡಿ ಅಲ್ಲಾಡಿ ಇನ್ಸುಲೇಷನ್ ಉಜ್ಜಿ ಹೋಗಿರತ್ತೆ, ಹೊರಗಿಂದ ಏನೂ ಕಾಣಲ್ಲ.

ಇದೆಲ್ಲಾ ಆದ್ಮೇಲೆ ಸೆಟ್ಟಿಂಗು. ಟ್ರಾಫಿಕ್ ಇಲ್ಲದ, ಒಣಗಿರೋ ಸಮತಟ್ಟು ರಸ್ತೇಲಿ, ಸಾಮಾನು ತುಂಬ್ಕೊಂಡೇ, ಮೊದಲು ನಾಲ್ಕಾರು ಸಲ ಬ್ರೇಕ್ ಹಿಡಿದು ಡ್ರಮ್ ಬಿಸಿ ಮಾಡಿ. ಆಮೇಲೆ 25 ಮೈಲಿ ವೇಗದಲ್ಲಿ, ಅಂದ್ರೆ ಗಂಟೆಗೆ 40 ಕಿಲೋಮೀಟರ್, ಟ್ರಕ್ ಪೆಡಲ್ ಮುಟ್ಟದೆ ಲಿವರ್ ಮಾತ್ರ ಪೂರ್ತಿ ತಳ್ಳಿ. ಟ್ರೇಲರ್ ಹಿಂದಿಂದ ಗಟ್ಟಿಯಾಗಿ ಹಿಡಿದು ಎಳೆದಂಗೆ ಅನ್ಸಬೇಕು, ಆದ್ರೆ ಚಕ್ರ ಲಾಕ್ ಆಗಿ ಜಾರಬಾರದು. ಲಾಕ್ ಆದ್ರೆ ಪವರ್ ಸ್ವಲ್ಪ ಇಳಿಸಿ, ಸಾಲ್ದು ಅನ್ಸಿದ್ರೆ ಏರಿಸಿ. ಖಾಲಿ ಟ್ರೇಲರ್‌ಗೆ ಬೇರೆ ನಂಬರ್, ತುಂಬಿದ್ದಕ್ಕೆ ಬೇರೆ, ಮಳೆ ಬಂದ್ರೆ ಇನ್ನೂ ಕಮ್ಮಿ. ಹೊಸ ಶೂ ಹಾಕ್ಸಿದ್ರೆ 40 ಮೈಲಿ ವೇಗದಿಂದ 20ಕ್ಕೆ ಇಳಿಸೋ ಹಾಗೆ ಇಪ್ಪತ್ತು ಮೂವತ್ತು ಸಲ, ಮಧ್ಯೆ ತಣ್ಣಗಾಗೋಕೆ ಬಿಟ್ಟು ಬಿಟ್ಟು ಹಿಡಿದು ಪಳಗಿಸ್ಬೇಕು, ಆಮೇಲೇನೇ ಅದರ ನಿಜವಾದ ಹಿಡಿತ ಬರೋದು.

ಪ್ರಶ್ನೆ: ಕೊಲರಾಡೋದಲ್ಲಿ ಹೈವೇ ಮೇಲೆ ದೊಡ್ಡ ಟ್ರಕ್ ಪಕ್ಕದಲ್ಲಿ ಹೋದಾಗ ಟ್ರೇಲರ್ ಬಾಲ ಅಲ್ಲಾಡಿಸಿದ ಹಾಗೆ ಅತ್ತ ಇತ್ತ ಓಲಾಡ್ತು, ಜೀವ ಬಾಯಿಗೆ ಬಂತು. ಬ್ರೇಕ್ ಹಾಕಬೇಕಿತ್ತಾ?

ಉತ್ತರ: ನಿಮ್ಮ ಗಾಡಿಯ ಬ್ರೇಕ್ ಅಲ್ಲ, ಟ್ರೇಲರಿನದ್ದು ಮಾತ್ರ. ಮುಂದಿನ ಗಾಡಿ ನಿಧಾನ ಆದ್ರೆ ಹಿಂದಿನದು ಇನ್ನಷ್ಟು ತಳ್ಳಿ ಓಲಾಟ ಜಾಸ್ತಿ ಆಗತ್ತೆ, ಅದೇ ಟ್ರೇಲರ್ ಬ್ರೇಕ್ ಮಾತ್ರ ಹಿಡಿದ್ರೆ ಅದು ಹಗ್ಗ ಜಗ್ಗಿದ ಹಾಗೆ ನೇರ ಆಗತ್ತೆ. ಕಾಲನ್ನ ಆಕ್ಸಿಲೇಟರಿಂದ ಮೆಲ್ಲಗೆ ತೆಗೀರಿ, ಸ್ಟೇರಿಂಗ್ ಗಟ್ಟಿಯಾಗಿ ನೇರ ಹಿಡೀರಿ, ಕಂಟ್ರೋಲರಿನ ಲಿವರ್ ತಳ್ಳಿ. ಕಂಟ್ರೋಲರ್ ಕೈಗೆ ಸಿಗೋ ಜಾಗದಲ್ಲಿ ಇರ್ಬೇಕು ಅಂತ ಮೊದಲ ಉತ್ತರದಲ್ಲಿ ಒತ್ತಿ ಹೇಳಿದ್ದು ಇದಕ್ಕೇ. ಬ್ಲೂಟೂತ್‌ನಲ್ಲಿ ಫೋನಿಂದ ನಡೆಸೋ ಕಂಟ್ರೋಲರ್ ಬಂದಿದೆ, ವೈರಿಂಗ್ ಮಾಡೋಹಾಗೇ ಇಲ್ಲ, ಸಾಕೆಟ್ಟಿಗೆ ಸಿಕ್ಕಿಸಿದ್ರಾಯ್ತು, ಬೇರೆಯವರ ಟ್ರಕ್ ಒಂದಿನಕ್ಕೆ ತಗೊಂಡಾಗ ಅನುಕೂಲಾನೇ, ಆದ್ರೆ ಓಲಾಡ್ತಿರೋ ಹೊತ್ತಲ್ಲಿ ಫೋನ್ ಸ್ಕ್ರೀನಲ್ಲಿ ಬಟನ್ ಹುಡುಕೋದು ನನಗಂತೂ ಸರಿ ಕಾಣಲ್ಲ.

ಆಮೇಲೆ ಮನೆಗೆ ಬಂದು ತೂಕ ಹಾಕ್ಸಿ. ಟ್ರೇಲರ್ ಮೂತಿ ಹಿಚ್ ಮೇಲೆ ಹಾಕೋ ಭಾರ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರ್ಬೇಕು, ಸಾಮಾನೆಲ್ಲಾ ಹಿಂದಕ್ಕೆ ತುಂಬಿದ್ರೆ ಓಲಾಟ ಗ್ಯಾರಂಟಿ. ಓಲಾಟದ ಮೂಲ ಅಲ್ಲಿರೋದು, ಬ್ರೇಕು ತುರ್ತಿಗೆ ಮಾತ್ರ. ನಿಮ್ಮ ಕಡೆ ಉದ್ದುದ್ದ ಇಳಿಜಾರು, ಭಾರ ಎಳೆಯೋವಾಗ ಗೇರ್ ಬದಲಾಯಿಸೋ ರೀತಿ ಹೊಂದಿಸೋ ಟೋ ಹಾಲ್ ಮೋಡ್ ಹಾಕಿ ಕಮ್ಮಿ ಗೇರಲ್ಲಿ ಇಂಜಿನ್ ಹಿಡಿತದಲ್ಲೇ ಇಳೀರಿ, ಡ್ರಮ್ ಕಾದ್ರೆ ಎಷ್ಟು ಕರೆಂಟ್ ಕೊಟ್ರೂ ಹಿಡಿಯಲ್ಲ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ನಮ್ಮದೊಂದು ಟೊಯೋಟಾ ಹೈಲಕ್ಸ್ ಪಿಕಪ್ ಇದೆ, ಕ್ಯಾರವಾನ್ ತಗೊಳ್ಳೋ ಯೋಚನೆ. ಅಮೆರಿಕದ ಕಥೆ ನಮಗೂ ಒಪ್ಪತ್ತಾ?

ಉತ್ತರ: ತತ್ವ ಒಂದೇ, ಲೆಕ್ಕ ಬೇರೆ. ಆಸ್ಟ್ರೇಲಿಯಾದಲ್ಲಿ ಟ್ರೇಲರಿನ ಚಕ್ರಗಳ ಮೇಲೆ ಬೀಳೋ ಭಾರ 750 ಕೆಜಿ ತನಕ ಇದ್ರೆ ಬ್ರೇಕ್ ಬೇಡ, ಅದಕ್ಕಿಂತ ಮೇಲೆ 2,000 ಕೆಜಿ ತನಕ ಕನಿಷ್ಠ ಒಂದು ಆಕ್ಸಲ್‌ಗೆ, 2,000 ದಾಟಿದ್ರೆ ಎಲ್ಲಾ ಚಕ್ರಕ್ಕೂ ಬ್ರೇಕು ಜೊತೆಗೆ ಬ್ರೇಕ್‌ಅವೇ ಕೂಡ ಬೇಕು. ನಿಮ್ಮಲ್ಲಿ ಓಡೋದು 7 ಪಿನ್ನಿನ ಚಪ್ಪಟೆ ಪ್ಲಗ್ಗು, ಅದ್ರಲ್ಲಿ 5ನೇ ಪಿನ್ ನೀಲಿ, ಅದೇ ಬ್ರೇಕು. ರೆಡಾರ್ಕ್‌ನವರ ಟೋ ಪ್ರೋ ಥರದವು ಅಲ್ಲಿ ಜನಪ್ರಿಯ, ದೊಡ್ಡ ಡಬ್ಬಿ ಡ್ಯಾಶ್ ಹಿಂದೆ ಅಡಗಿಸಿ ಬರೀ ಒಂದು ಗುಂಡಿ ಮಾತ್ರ ಹೊರಗೆ ಕಾಣೋ ಹಾಗೆ ಕೂರಿಸ್ತಾರೆ, ನೋಡೋಕೂ ಚೆಂದ.

ಪ್ರಶ್ನೆ: ಮನೆ ಬದಲಾಯಿಸ್ತಿದೀವಿ, ಯು-ಹಾಲ್‌ನಿಂದ ಕಾರ್ ಹೇರೋ ಟ್ರೇಲರ್ ಬಾಡಿಗೆಗೆ ತಗೊಳ್ತಿದೀವಿ. ಅದಕ್ಕೋಸ್ಕರ ನನ್ನ ಪಿಕಪ್‌ಗೆ ಕಂಟ್ರೋಲರ್ ಹಾಕಿಸ್ಬೇಕಾ?

ಉತ್ತರ: ಬೇಡ. ಅದ್ರಲ್ಲಿರೋದು ಸರ್ಜ್ ಬ್ರೇಕು, ಕರೆಂಟ್ ಬೇಕಿಲ್ಲ. ನೀವು ಬ್ರೇಕ್ ಹಿಡಿದಾಗ ಟ್ರೇಲರ್ ಮುಂದಕ್ಕೆ ನುಗ್ಗತ್ತಲ್ಲ, ಆ ನುಗ್ಗಾಟವೇ ಹಿಚ್ ಹತ್ರದ ಪಿಸ್ಟನ್ ಒತ್ತಿ ಆಯಿಲ್ ಮೂಲಕ ಬ್ರೇಕ್ ಹಿಡಿಯತ್ತೆ. ದೋಣಿ ಸಾಗಿಸೋ ಟ್ರೇಲರ್‌ಗಳಲ್ಲೂ ಹೆಚ್ಚಾಗಿ ಇದೇ, ನೀರಿಗೆ ಇಳಿಸೋದ್ರಿಂದ. ಲೈಟಿಗೆ 4 ಪಿನ್ ಪ್ಲಗ್ ಇದ್ರೆ ಸಾಕು. ಅವರು ಹೇಳೋ 55 ಮೈಲಿ ಮಿತಿ ಮಾತ್ರ ದಾಟಬೇಡಿ, ಕ್ಯಾಲಿಫೋರ್ನಿಯಾದಲ್ಲಾದ್ರೆ ಟ್ರೇಲರ್ ಎಳೆಯೋ ಎಲ್ಲರಿಗೂ ಕಾನೂನೇ 55.

ಪ್ರಶ್ನೆ: ಟ್ರೇಲರ್ ಚಳಿಗಾಲವೆಲ್ಲಾ ನಿಂತಿತ್ತು. ಬ್ರೇಕ್‌ಅವೇ ಕೆಲಸ ಮಾಡತ್ತಾ ಅಂತ ಮನೇಲೇ ನೋಡೋದು ಹೇಗೆ?

ಉತ್ತರ: ಟ್ರಕ್ಕಿಂದ 7 ಪಿನ್ ಪ್ಲಗ್ ಮೊದಲು ಬಿಚ್ಚಿ, ಇಲ್ಲಾಂದ್ರೆ ಟ್ರೇಲರ್ ಬ್ಯಾಟರಿ ಕರೆಂಟ್ ನೀಲಿ ವೈರಲ್ಲಿ ಹಿಂದಕ್ಕೆ ನುಗ್ಗಿ ಕಂಟ್ರೋಲರ್ ಹಾಳಾಗಬಹುದು. ಆಮೇಲೆ ಒಂದು ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸ್ತಾ ಇರಿ, ಇನ್ನೊಬ್ರು ಸ್ವಿಚ್ಚಿನ ಪಿನ್ ಎಳೀಲಿ, ಚಕ್ರ ಗಪ್ಪಂತ ನಿಲ್ಲಬೇಕು. ನಿಲ್ಲದಿದ್ರೆ ಬ್ಯಾಟರಿ ವೋಲ್ಟೇಜ್ ನೋಡಿ, ಪಿನ್ ಎಳೆದಿರೋ ಹೊತ್ತಲ್ಲೇ ನೋಡಿ, ಸುಮ್ನೆ ಇದ್ದಾಗ 12 ತೋರಿಸಿ ಭಾರ ಬಿದ್ದ ತಕ್ಷಣ ಕುಸಿಯೋ ಬ್ಯಾಟರಿ ಬದಲಾಯಿಸೋದೇ. ಟೆಸ್ಟ್ ಮುಗಿದ ಕೂಡ್ಲೇ ಪಿನ್ ವಾಪಸ್ ಸಿಕ್ಕಿಸಿ, ಮರೆತು ರಾತ್ರಿಯೆಲ್ಲಾ ಬಿಟ್ರೆ ಮ್ಯಾಗ್ನೆಟ್ಟೂ ಕಾಯತ್ತೆ, ಬೆಳಿಗ್ಗೆ ಬ್ಯಾಟರೀನೂ ಖಾಲಿ.